ಮಹಾಮಾರಿಯ ಕಾಲದ ಕಣ್ಬೇನೆ

೨೦೨೦ನೆಯ ಇಸವಿಯ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಲೋಕದ ಅನೇಕ ನಗರಗಳ ಕಣ್ಣಾಸ್ಪತ್ರೆಗಳು ಹಿಂದೆಂದೂ ಕಾಣದ ಒಂದು ವಿಚಿತ್ರವನ್ನು ಕಂಡುವು. ಹಗಲು ರಾತ್ರಿಯೆನ್ನದೆ ತುರ್ತು ಚಿಕಿತ್ಸೆಗೆಂದು ಬಂದು ಬಾಗಿಲಲ್ಲಿ ಕಾಯುತ್ತಿದ್ದ ಜನರ ಸಾಲು ಕೆಲವೇ ದಿನಗಳಲ್ಲಿ ಕರಗಿಹೋಯಿತು. ೧೮೦೫ರಲ್ಲಿ ಸ್ಥಾಪಿತವಾದ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ ಜಗತ್ಪ್ರಸಿದ್ಧವಾದುದು. ಅದರ ತುರ್ತು ವಿಭಾಗಕ್ಕೆ ಬರುವವರ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಯೂರೋಪು, ಅಮೆರಿಕ, ಭಾರತ ಎಲ್ಲೆಡೆಯಿಂದಲೂ ಇದೇ ಬಗೆಯ ವರದಿಗಳು ಬಂದುವು. ಕಣ್ಣಿನ ರೋಗಗಳು ಒಮ್ಮೆಗೇ ಲೋಕವನ್ನು ಬಿಟ್ಟು ಹೋದುವೇ? ಹೋಗಲಿಲ್ಲವೆಂಬುದನ್ನು ಮುಂದಿನ ತಿಂಗಳುಗಳು ತಿಳಿಸಿದುವು. ಕಣ್ಣು ಬೇನೆಗೆ ಬೀಳುತ್ತಲೇ ಇದ್ದಿತು. ಬೇನೆಗೆ ಬಿದ್ದ ಕಣ್ಣು ವೈದ್ಯನ ಬಳಿಗೆ ಹೋಗುವುದು ಮಾತ್ರ ನಿಂತಿದ್ದಿತು.

ಮಹಾಮಾರಿಯ ಚರಿತ್ರೆಯನ್ನು ಬರೆಯುವವರು ಸತ್ತವರನ್ನು ಎಣಿಸುತ್ತಾರೆ. ಅದು ಯುಕ್ತವೇ ಸರಿ. ಆದರೆ ಆ ಕಾಲದಲ್ಲಿ ಬದುಕಿ ಉಳಿದು, ಒಂದು ಕಣ್ಣಿನ ಬೆಳಕನ್ನು ಸದ್ದಿಲ್ಲದೆ ಕಳೆದುಕೊಂಡವರ ಎಣಿಕೆ ಯಾವ ದಫ್ತರದಲ್ಲಿಯೂ ಸರಿಯಾಗಿ ಸೇರಿಲ್ಲ. ಕಾಸರಗೋಡಿನ ಕನ್ನಡಿಗರಾದ ನಮಗೆ ಈ ವಿಷಯ ಹೊರಗಿನದಲ್ಲ. ಆ ದಿನಗಳಲ್ಲಿ ನಮ್ಮ ಮನೆಬಾಗಿಲಿಗೂ ಆಸ್ಪತ್ರೆಗೂ ನಡುವೆ ಒಂದು ರಾಜ್ಯದ ಗಡಿಯೇ ಅಡ್ಡ ನಿಂತಿದ್ದುದರಿಂದ, ಲೋಕದ ಕಥೆಯ ಜೊತೆಗೆ ನಮ್ಮ ದಾರಿಯ ಕಥೆಯನ್ನೂ ಸೇರಿಸಿ ಇಲ್ಲಿ ಹೇಳಬೇಕಾಗಿದೆ.

ಈ ರೋಗದ ಚರಿತ್ರೆಯ ಮೊದಲ ಪುಟದಲ್ಲಿಯೇ ಒಬ್ಬ ನೇತ್ರವೈದ್ಯನ ಹೆಸರಿದೆಯೆಂಬುದು ಗಮನಿಸತಕ್ಕ ಸಂಗತಿ. ಚೀನದ ವುಹಾನ್ ನಗರದ ಕೇಂದ್ರ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರಾಗಿದ್ದ ಲೀ ವೆನ್‌ಲಿಯಾಂಗ್ ಎಂಬ ತರುಣರು ೨೦೧೯ರ ಡಿಸೆಂಬರ್ ೩೦ರಂದು ತಮ್ಮ ಸಹವೈದ್ಯರಿಗೆ ಹೊಸ ಜ್ವರವೊಂದರ ವಿಷಯವಾಗಿ ಎಚ್ಚರಿಕೆಯ ಮಾತನ್ನು ಕಳುಹಿಸಿದರು. ಅದಕ್ಕಾಗಿ ಪೊಲೀಸರು ಅವರನ್ನು ಕರೆಯಿಸಿ ಛೀಮಾರಿ ಹಾಕಿದರು. ಮುಂದೆ ಗ್ಲಾಕೋಮ ಎಂಬ ಕಣ್ಣಿನ ಒತ್ತಡದ ರೋಗಕ್ಕಾಗಿ ಬಂದಿದ್ದ ಒಬ್ಬ ರೋಗಿಯಿಂದ ಅವರಿಗೆ ಸೋಂಕು ತಗುಲಿತು. ಆ ರೋಗಿಗೆ ಜ್ವರವಾಗಲಿ ಕೆಮ್ಮಾಗಲಿ ಇರಲಿಲ್ಲ. ೨೦೨೦ರ ಫೆಬ್ರವರಿ ೭ರಂದು ಲೀಯವರು ತೀರಿಕೊಂಡರು. ಅವರ ವಯಸ್ಸು ಆಗ ಮೂವತ್ತನಾಲ್ಕು ಕೂಡ ತುಂಬಿದ್ದುದಷ್ಟೆ.

ಈ ಮರಣವು ನೇತ್ರವೈದ್ಯರ ಲೋಕದಲ್ಲಿ ದೊಡ್ಡ ಭಯವನ್ನು ಬಿತ್ತಿತು. ಭಯಕ್ಕೆ ಕಾರಣವೂ ಇದ್ದಿತು. ಹೊಟ್ಟೆಯನ್ನು ಪರೀಕ್ಷಿಸುವ ವೈದ್ಯನು ಒಂದು ಮೊಳ ದೂರದಲ್ಲಿರಬಹುದು. ಕಣ್ಣಿನ ವೈದ್ಯನಿಗೆ ಆ ಸೌಕರ್ಯವಿಲ್ಲ. ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ರೋಗಿಯು ಗಲ್ಲವೂರಿ ಕುಳಿತರೆ, ಈಚೆ ಬದಿಯಲ್ಲಿ ವೈದ್ಯನು ಅವನ ಉಸಿರು ತನ್ನ ಮುಖಕ್ಕೆ ತಾಗುವಷ್ಟು ಸಮೀಪದಲ್ಲಿ ಕುಳಿತು ನೋಡಬೇಕು. ಇನ್ನೊಂದು ಯಂತ್ರದಲ್ಲಿ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿಯೇ ಹಿಡಿಯಬೇಕು. ಆದುದರಿಂದ ಯಂತ್ರದ ನಡುವೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯ ಪರದೆಗಳನ್ನು ಇಳಿಬಿಟ್ಟರು. ಪರೀಕ್ಷೆ ನಡೆಯುವಾಗ ಮಾತನಾಡಬಾರದೆಂದು ವಿಧಿಸಿದರು. ಕಣ್ಣಿನ ಮೂಲಕವೂ ಸೋಂಕು ಒಳಹೋಗಬಹುದು, ಕಣ್ಣು ಕೆಂಪಾಗುವುದೂ ಈ ರೋಗದ ಒಂದು ಲಕ್ಷಣವಾಗಿರಬಹುದು ಎಂಬ ಮಾತು ಹರಡಿದ ಮೇಲೆ, ಕಣ್ಣು ಕೆಂಪಾದವನು ಆಸ್ಪತ್ರೆಗೆ ಹೋಗಲು ಹೆದರಿದನು. ಆಸ್ಪತ್ರೆಯವರು ಅವನನ್ನು ಕಂಡು ಹೆದರಿದರು. ಹೀಗೆ ಭಯವು ಎರಡು ಕಡೆಯಿಂದಲೂ ಬಾಗಿಲನ್ನು ಎಳೆದು ಮುಚ್ಚಿತು.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರ ಮಾರ್ಚ್ ೧೧ರಂದು ಕೋವಿಡ್ ರೋಗವನ್ನು ವಿಶ್ವವ್ಯಾಪಿ ಮಹಾಮಾರಿಯೆಂದು ಸಾರಿತು. ಮಾರ್ಚ್ ೨೫ರಿಂದ ಭಾರತದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಆ ದಿನಗಳಲ್ಲಿ ನಮ್ಮ ದೇಶದ ನೇತ್ರವೈದ್ಯರಲ್ಲಿ ನಡೆದ ಒಂದು ಸಮೀಕ್ಷೆಗೆ ೧,೨೬೦ ಮಂದಿ ಉತ್ತರ ಕೊಟ್ಟರು. ನೂರಕ್ಕೆ ೭೨ಕ್ಕಿಂತ ಹೆಚ್ಚು ಮಂದಿ ತಾವು ರೋಗಿಗಳನ್ನೇ ನೋಡುತ್ತಿಲ್ಲವೆಂದರು. ನೋಡುತ್ತಿದ್ದವರಲ್ಲಿಯೂ ನೂರಕ್ಕೆ ೮೦ಕ್ಕೂ ಮಿಕ್ಕವರು ತುರ್ತಿನ ರೋಗಿಗಳನ್ನು ಮಾತ್ರವೇ ನೋಡುತ್ತಿದ್ದರು. ಯಾವುದು ತುರ್ತು, ಯಾವುದು ಅಲ್ಲ ಎಂಬುದನ್ನು ತಮ್ಮ ವಿವೇಚನೆಯಿಂದಲೇ ತೀರ್ಮಾನಿಸುತ್ತಿದ್ದರು. ಸ್ವಂತ ಚಿಕಿತ್ಸಾಲಯವುಳ್ಳವರಲ್ಲಿ ಕಾಲುಪಾಲು ಕೂಡ ಬಾಗಿಲು ತೆರೆದಿರಲಿಲ್ಲ. ಸರಕಾರದ ಆಸ್ಪತ್ರೆಗಳಲ್ಲಿಯೂ ದೊಡ್ಡ ನೇತ್ರಸಂಸ್ಥೆಗಳಲ್ಲಿಯೂ ಇದ್ದವರಲ್ಲಿ ಅರ್ಧದಷ್ಟು ಮಂದಿ ಕೆಲಸ ಮಾಡುತ್ತಿದ್ದರು. ಬಡವನ ಆಸ್ಪತ್ರೆಯೆಂದು ಸಾಮಾನ್ಯ ಕಾಲದಲ್ಲಿ ಮೂಗು ಮುರಿಯುವವರು ಈ ಅಂಕೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇನ್ನು 'ತುರ್ತು' ಎಂಬ ಮಾತಿನ ಅರ್ಥವನ್ನು ಕೊಂಚ ವಿಚಾರಿಸಬೇಕು. ಪದಗಳ ಅರ್ಥವನ್ನು ಕೆದಕುವುದು ಕನ್ನಡ ಪಂಡಿತರ ಹಳೆಯ ಚಾಳಿಯೆಂದು ವಾಚಕರು ನಗಬಹುದು. ಆದರೆ ಇಲ್ಲಿ ದೃಷ್ಟಿಯೇ ಆ ಪದದ ಅರ್ಥವನ್ನು ಅವಲಂಬಿಸಿತ್ತು. ಸಾಮಾನ್ಯ ಜನರ ಎಣಿಕೆಯಲ್ಲಿ ನೋವು, ರಕ್ತ, ಊತ ಇವು ಇದ್ದರೆ ತುರ್ತು. ಕಣ್ಣಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ರೆಪ್ಪೆಯ ಅಂಚಿನಲ್ಲಿ ಏಳುವ ಕುರುವು ರಾತ್ರಿಯೆಲ್ಲ ನೋಯಿಸಿ ನಾಲ್ಕು ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ಅಕ್ಷಿಪಟಲವು ಕಳಚಿಕೊಳ್ಳುವಾಗಲಾದರೋ ನೋವೆಂಬುದೇ ಇಲ್ಲ. ಮೊದಲು ಕಣ್ಣಿನ ಮೂಲೆಯಲ್ಲಿ ಮಿಂಚು ಹೊಳೆದಂತಾಗುತ್ತದೆ. ನುಸಿಗಳು ಹಾರಾಡಿದಂತೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಆಮೇಲೆ ಒಂದು ಬದಿಯಿಂದ ಪರದೆ ಸರಿದು ಬಂದಂತೆ ಕತ್ತಲು ಕವಿಯುತ್ತದೆ. ಆ ಪರದೆಯು ಪಟಲದ ನಡುಭಾಗವನ್ನು ಮುಟ್ಟುವ ಮುನ್ನ ಶಸ್ತ್ರಚಿಕಿತ್ಸೆಯಾದರೆ ಓದುವ ದೃಷ್ಟಿಯು ಬಹುಮಟ್ಟಿಗೆ ಉಳಿಯುತ್ತದೆ. ನಡುಭಾಗವೂ ಕಳಚಿದ ಮೇಲೆ ಎಷ್ಟು ಕುಶಲನಾದ ವೈದ್ಯನು ಹೊಲಿದರೂ ಹಿಂದಿನ ಬೆಳಕು ಪೂರ್ತಿಯಾಗಿ ಮರಳುವುದು ಅಪರೂಪ. ಈ ಎರಡು ಸ್ಥಿತಿಗಳ ನಡುವೆ ಇರುವ ಅಂತರ ಕೆಲವೊಮ್ಮೆ ಕೆಲವೇ ದಿನಗಳು, ಕೆಲವೊಮ್ಮೆ ಒಂದೇ ರಾತ್ರಿ.

ಅಮೆರಿಕದ ಫಿಲಡೆಲ್ಫಿಯ ನಗರದ ವೈದ್ಯರು ಈ ಒಂದು ರೋಗವನ್ನೇ ಹಿಡಿದು ಎರಡು ವರ್ಷಗಳ ಅದೇ ವಸಂತದ ದಿನಗಳನ್ನು ಹೋಲಿಸಿ ನೋಡಿದರು. ೨೦೧೯ರಲ್ಲಿ ಅಕ್ಷಿಪಟಲ ಕಳಚಿ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಡುಭಾಗವು ಇನ್ನೂ ಅಂಟಿಕೊಂಡೇ ಇದ್ದಿತು. ೨೦೨೦ರಲ್ಲಿ ಬಂದವರಲ್ಲಿ ಅಂಥವರು ನಾಲ್ವರಲ್ಲಿ ಒಬ್ಬರು ಮಾತ್ರ. ತಡಮಾಡಿ ಬಂದವರ ಕಣ್ಣಿನಲ್ಲಿ ಗಾಯದ ನಾರು ಬೆಳೆದು ಪಟಲವನ್ನು ಮುದುಡಿಸಿದ ಉದಾಹರಣೆಗಳೂ ಹೆಚ್ಚಾಗಿದ್ದುವು. ಒಟ್ಟು ರೋಗಿಗಳ ಸಂಖ್ಯೆ ಮಾತ್ರ ಹಿಂದಿನ ವರ್ಷಕ್ಕಿಂತ ಕಡಿಮೆ. ಅಲ್ಲಿ ದಾರಿಗೆ ಯಾರೂ ಮಣ್ಣು ಸುರಿದಿರಲಿಲ್ಲ. ಮೋಟಾರುಗಳಿದ್ದುವು, ಆಸ್ಪತ್ರೆ ತೆರೆದಿದ್ದಿತು. ಆದರೂ ಹೀಗಾಯಿತೆಂದರೆ, ದಾರಿಯೇ ಇಲ್ಲದವರ ಸ್ಥಿತಿ ಏನಾಗಿರಬಹುದು?

ಈ ಪ್ರಶ್ನೆಯೊಡನೆ ನಾವು ನಮ್ಮ ಊರಿಗೆ ಬರುತ್ತೇವೆ. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದ ಕಾಸರಗೋಡು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ೧೯೬೭ರ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರ ಭಾಗವು ಕರ್ಣಾಟಕಕ್ಕೆ ಸೇರತಕ್ಕದ್ದೆಂದು ಹೇಳಿತು. ಆ ಮಾತು ಕಡತದಲ್ಲಿಯೇ ಉಳಿಯಿತು. ೧೯೮೪ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇದೆಲ್ಲ ವಾಚಕರಿಗೆ ಕಂಠಪಾಠವಾಗಿರುವ ಕಥೆ. ಇಲ್ಲಿ ಹೇಳಬೇಕಾದುದು ಇಷ್ಟೇ: ಭೂಪಟದ ಗೆರೆ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲ. ಮಂಗಳೂರಿನಲ್ಲಿ ೧೮೪೮ರಿಂದ ಸರಕಾರದ ವೆನ್‌ಲಾಕ್ ಆಸ್ಪತ್ರೆಯಿದೆ. ೧೮೮೦ರಿಂದ ಫಾದರ್ ಮುಲ್ಲರರ ಆಸ್ಪತ್ರೆಯಿದೆ. ೧೯೫೦ರ ದಶಕದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂದಿತು. ಕಾಸರಗೋಡು ಪಟ್ಟಣದಿಂದ ಮಂಗಳೂರಿಗೆ ಸುಮಾರು ೫೦ ಕಿಲೋಮೀಟರು. ಮಂಜೇಶ್ವರದಿಂದ ಅದರ ಅರ್ಧವೂ ಇಲ್ಲ. ಅದೇ ಮಂಜೇಶ್ವರದವನು ತನ್ನ ರಾಜ್ಯದೊಳಗಿನ ಪರಿಯಾರಂ ವೈದ್ಯಕೀಯ ಕಾಲೇಜಿಗೆ ಹೋಗಬೇಕಾದರೆ ತೆಂಕಣಕ್ಕೆ ನೂರು ಕಿಲೋಮೀಟರಿನಷ್ಟು ಸಾಗಬೇಕು. ರಾಜಧಾನಿಯಾದ ತಿರುವನಂತಪುರವು ಐನೂರು ಕಿಲೋಮೀಟರಿಗೂ ಆಚೆ. ಕನ್ನಡಿಗನಿರಲಿ, ತುಳುವನಿರಲಿ, ಮಲೆಯಾಳಿಯಿರಲಿ, ಬ್ಯಾರಿಯಿರಲಿ, ಕಣ್ಣಿಗೆ ಕಡ್ಡಿ ಬಡಿದರೆ ತಲಪಾಡಿ ದಾಟಿ ಮಂಗಳೂರಿಗೇ ಓಡುವುದು ನಮ್ಮಲ್ಲಿ ಮೂರು ತಲೆಮಾರುಗಳ ವಾಡಿಕೆ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದುದರಿಂದ ಬೇನೆಗೊಳಗಾದ ಕುಟುಂಬಗಳೂ ಬಹುಕಾಲ ಅದೇ ದಾರಿಯನ್ನು ಹಿಡಿದಿದ್ದುವು.

೨೦೨೦ರ ಮಾರ್ಚಿಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಕೋವಿಡ್ ಸೋಂಕು ಇತರ ಜಿಲ್ಲೆಗಳಿಗಿಂತ ಹೆಚ್ಚಾಗಿ ಕಾಣಿಸಿಕೊಂಡಿತು. ಕರ್ಣಾಟಕವು ಗಡಿಯನ್ನು ಮುಚ್ಚಿತು. ಹೆದ್ದಾರಿಯಲ್ಲಿ ತಡೆಗಳು ನಿಂತುವು. ಒಳದಾರಿಗಳಲ್ಲಿ ಲಾರಿಗಳಿಂದ ಮಣ್ಣು ಸುರಿದು ರಾಶಿ ಹಾಕಿದರು. ಮಂಗಳೂರಿಗೆ ಹೋಗಲಾರದೆ ಗಡಿಯ ಈಚೆಯೇ ರೋಗಿಗಳು ಒಬ್ಬರ ಮೇಲೊಬ್ಬರು ಪ್ರಾಣಬಿಟ್ಟ ವಾರ್ತೆಗಳು ಆ ದಿನಗಳ ಪತ್ರಿಕೆಗಳಲ್ಲಿ ಬಂದುವು. ಏಪ್ರಿಲ್ ೧ರಂದು ಕೇರಳದ ಉಚ್ಚ ನ್ಯಾಯಾಲಯವು ಚಿಕಿತ್ಸೆಗಾಗಿ ಹೋಗುವವರನ್ನು ತಡೆಯುವುದು ಸಂವಿಧಾನದ ೨೧ನೆಯ ವಿಧಿಯಲ್ಲಿ ಹೇಳಿರುವ ಜೀವದ ಹಕ್ಕಿಗೆ ವಿರೋಧವೆಂದು ಹೇಳಿ, ತಡೆಯನ್ನು ತೆಗೆಯಿಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ ೭ರಂದು, ತುರ್ತು ಚಿಕಿತ್ಸೆ ಬೇಕಾದವರನ್ನು ನಿಯಮಾನುಸಾರ ತಲಪಾಡಿಯಲ್ಲಿ ಬಿಡುವುದೆಂಬ ಒಪ್ಪಿಗೆಯಾಗಿರುವುದನ್ನು ತಿಳಿದು ನ್ಯಾಯಾಲಯವು ಅದನ್ನು ಮುಗಿಸಿತು.

ಗಡಿ ಮುಚ್ಚಿದವರನ್ನು ದೂರಿ ಬರೆಯುವುದು ನಮ್ಮ ಉದ್ದೇಶವಲ್ಲ. ಸೋಂಕಿಗೆ ಹೆದರಿದ ಊರು ತನ್ನ ಬಾಗಿಲನ್ನು ಮುಚ್ಚಿಕೊಳ್ಳುವುದು ಹೊಸದೂ ಅಲ್ಲ. ೧೮೯೬ರಲ್ಲಿ ಮುಂಬಯಿಗೂ ೧೮೯೮ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದಾಗ ರೈಲಿನಿಂದ ಇಳಿದವರನ್ನು ತಡೆದು ಪರೀಕ್ಷಿಸಿದರು; ಜನರು ಮನೆಗಳನ್ನು ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದರು. ಆದರೆ ನಮ್ಮ ಮಾತು ಕಣ್ಣಿನದು. ಹೃದಯಾಘಾತವಾದವನನ್ನು ಅಂಬುಲೆನ್ಸಿನಲ್ಲಿ ಮಲಗಿಸಿ ತಂದರೆ ಕಾವಲಿನವನಿಗೂ ಅದು ತುರ್ತೆಂದು ಕಾಣುತ್ತದೆ. ಅಕ್ಷಿಪಟಲ ಕಳಚಿದವನು ಎರಡು ಕಾಲುಗಳಲ್ಲಿ ನಡೆದು ಬರುತ್ತಾನೆ, ನಗುನಗುತ್ತ ಮಾತನಾಡುತ್ತಾನೆ. ಅವನ ಕಣ್ಣು ಹೊರನೋಟಕ್ಕೆ ತಾವರೆಯೆಸಳಿನಂತೆಯೇ ಇರುತ್ತದೆ. ಅವನೊಳಗಿನ ಪರದೆಯನ್ನು ಚೌಕಿಯಲ್ಲಿ ನಿಂತವನು ಹೇಗೆ ಕಂಡಾನು?

ಚೌಕಿಯವರೆಗೆ ಹೋಗದವರೇ ಹೆಚ್ಚು ಮಂದಿ. ನಮಗೆ ಪರಿಚಿತರಾದ ಹಿರಿಯರೊಬ್ಬರು, ಅಡಕೆ ಕೃಷಿಕರು, ಆ ಮಾರ್ಚಿಯ ಕಡೆಯ ವಾರದಲ್ಲಿ ಫೋನಿನಲ್ಲಿ ಮಾತಾಡುತ್ತ, "ಮಾಷ್ಟ್ರೇ, ಎಡಗಣ್ಣಿನ ಬದಿಯಲ್ಲಿ ಮಿಂಚಿದ ಹಾಗೆ ಆಗ್ತದೆ. ನೋವು ಏನೂ ಇಲ್ಲ. ಈ ಗಲಾಟೆ ಎಲ್ಲ ಮುಗಿಯಲಿ, ಮತ್ತೆ ತೋರಿಸಿದರಾಯಿತು" ಎಂದರು. ಪತ್ರಿಕೆಯಲ್ಲಿ ಬರುವ ಸಾವುಗಳ ಸುದ್ದಿಯ ನಡುವೆ ತನ್ನ ಮಿಂಚಿನ ಮಾತನ್ನು ಎತ್ತುವುದೇ ಅವರಿಗೆ ಸಂಕೋಚವೆನಿಸಿತ್ತು. ಅವರು ಮಂಗಳೂರಿಗೆ ಹೋದುದು ಮೇ ತಿಂಗಳಲ್ಲಿ. ಶಸ್ತ್ರಚಿಕಿತ್ಸೆಯಾಯಿತು, ಕೈಯಾಡಿಸಿದರೆ ಕೈ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಈಗ ಅವರು ಪತ್ರಿಕೆಯನ್ನು ಬಲಗಣ್ಣಿಗೆ ಹಿಡಿದು ಓದುತ್ತಾರೆ. ಯಾರನ್ನೂ ದೂರುವುದಿಲ್ಲ. ಆದರೆ ಇಂಥವರು ಯಾವ ಪಟ್ಟಿಯಲ್ಲಿದ್ದಾರೆ? ತುರ್ತು ವಿಭಾಗದ ದಫ್ತರದಲ್ಲಿ ಆ ಮಾರ್ಚಿಯ ಪುಟ ಖಾಲಿಯಾಗಿದ್ದುದಕ್ಕೆ ಇಂಥವರೂ ಕಾರಣರು.

ಮನೆಯೊಳಗೆ ಕುಳಿತ ಮಾತ್ರಕ್ಕೆ ಕಣ್ಣು ಸುರಕ್ಷಿತವಾಯಿತೆಂದಲ್ಲ. ಕಾರ್ಖಾನೆಗಳು ನಿಂತುದರಿಂದ ಕಬ್ಬಿಣದ ಕಿಡಿ ಹಾರಿ ಕಣ್ಣಿಗೆ ಬೀಳುವುದು, ರಸ್ತೆಗಳು ಬರಿದಾದುದರಿಂದ ವಾಹನದ ಅಪಘಾತಗಳು ಕಡಿಮೆಯಾದುವು, ನಿಜ. ಆದರೆ ಗಾಯಗಳು ಮನೆಯನ್ನು ಹುಡುಕಿಕೊಂಡು ಬಂದುವು. ೨೦೨೦ರ ಮಾರ್ಚ್ ೨೮ರಿಂದ ದೂರದರ್ಶನವು ರಾಮಾಯಣದ ಹಳೆಯ ಧಾರಾವಾಹಿಯನ್ನು ಮತ್ತೆ ತೋರಿಸತೊಡಗಿತು. ಶಾಲೆಯಿಲ್ಲದ ಮಕ್ಕಳು ಕಡ್ಡಿಯನ್ನು ಬಗ್ಗಿಸಿ ಬಿಲ್ಲು ಮಾಡಿದರು, ಹಿಡಿಕಡ್ಡಿಯನ್ನು ಬಾಣ ಮಾಡಿದರು. ಬಾಣದಿಂದ ಕಣ್ಣಿಗೆ ಪೆಟ್ಟಾದ ಮಕ್ಕಳನ್ನು ಕಂಡ ನಾಸಿಕದ ವೈದ್ಯರು ಅದನ್ನು ವೈದ್ಯಪತ್ರಿಕೆಯಲ್ಲಿ ಬರೆದು ಎಚ್ಚರಿಸಿದರು. ಮೂವತ್ತು ವರ್ಷಗಳ ಹಿಂದೆ ಅದೇ ಧಾರಾವಾಹಿ ಮೊದಲು ಬಂದಾಗಿನ ಅನುಭವವನ್ನು ದೇಶವು ಮರೆತಿದ್ದಿತು. ಯಕ್ಷಗಾನ ನೋಡಿ ಬಂದ ಮರುದಿನ ನಮ್ಮ ಹುಡುಗರು ಅಂಗಳದಲ್ಲಿ ಇಂದ್ರಜಿತುವಾಗುವುದನ್ನು ಕಂಡಿರುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಅಪಾಯ ಹೊಸದು. ಅಂಗಡಿ, ಬ್ಯಾಂಕು, ಕಚೇರಿಗಳ ಬಾಗಿಲುಗಳಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರಿನ ಬಾಟಲಿಗಳನ್ನು ದೊಡ್ಡವರ ಸೊಂಟದ ಎತ್ತರಕ್ಕೆ ನಿಲ್ಲಿಸಿದರು. ಆ ಎತ್ತರವು ನಾಲ್ಕೈದು ವರ್ಷದ ಮಗುವಿನ ಕಣ್ಣಿನ ಎತ್ತರವೆಂಬುದು ಯಾರಿಗೂ ಹೊಳೆಯಲಿಲ್ಲ. ಮಗು ಒತ್ತಿದರೆ ಮದ್ಯಸಾರದ ಲೇಪವು ನೇರವಾಗಿ ಕಣ್ಣಿಗೆ ಚಿಮ್ಮುತ್ತಿದ್ದಿತು. ಫ್ರಾನ್ಸಿನಲ್ಲಿ ೨೦೨೦ರ ಏಪ್ರಿಲಿನಿಂದ ಆಗಸ್ಟಿನವರೆಗೆ ಮಕ್ಕಳ ಕಣ್ಣಿಗೆ ಇದು ಬಿದ್ದ ಪ್ರಕರಣಗಳು ಹಿಂದಿನ ವರ್ಷದ ಏಳರಷ್ಟಾದುವೆಂದು ಅಲ್ಲಿಯ ವಿಷಚಿಕಿತ್ಸಾ ಕೇಂದ್ರಗಳ ಲೆಕ್ಕ ಹೇಳಿತು. ನಮ್ಮ ಚಂಡೀಗಢದ ವೈದ್ಯರೂ ಇಂಥ ಇಬ್ಬರು ಎಳೆಯರ ವಿಷಯವನ್ನು ಬರೆದರು.

ನಮ್ಮ ಕಡೆಯ ಹಳೆಯ ಶತ್ರುವೆಂದರೆ ಸುಣ್ಣ. ಎಲೆಯಡಕೆಯ ಸುಣ್ಣದ ಪೊಟ್ಟಣವನ್ನು ಮಗು ಹಿಚುಕಿದಾಗ ಅದು ಒಡೆದು ಕಣ್ಣಿಗೆ ಹಾರುವುದುಂಟು. ಮಳೆಗಾಲದ ಮುನ್ನ ಅಡಕೆಯ ಗೊನೆಗೆ ಮದ್ದು ಬಿಡುವಾಗ, ಮೈಲುತುತ್ತೂ ಸುಣ್ಣವೂ ಸೇರಿದ ದ್ರಾವಣವು ಮರದ ಮೇಲಿಂದ ಗಾಳಿಗೆ ಚದರಿ ಮುಖದ ಮೇಲೆ ಬೀಳುವುದೂ ಉಂಟು. ಸುಣ್ಣವು ಆಮ್ಲಕ್ಕಿಂತಲೂ ಕ್ರೂರವಾದುದು. ಆಮ್ಲವು ಬಹುಮಟ್ಟಿಗೆ ಮೇಲ್ಭಾಗವನ್ನು ಸುಟ್ಟು ನಿಲ್ಲುತ್ತದೆ, ಸುಣ್ಣವು ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಇಂಥಲ್ಲಿ ಮೊದಲ ವೈದ್ಯನು ಮನೆಯ ಬಾವಿಯ ನೀರು. ರೆಪ್ಪೆಯನ್ನು ಬಿಡಿಸಿ ಹಿಡಿದು, ಅರ್ಧ ತಾಸು ಬಿಡದೆ ಶುದ್ಧವಾದ ನೀರನ್ನು ಹರಿಸಿ, ಸುಣ್ಣದ ಹರಳುಗಳನ್ನು ಒರಸಿ ತೆಗೆದು ಆಮೇಲೆ ಆಸ್ಪತ್ರೆಗೆ ಹೊರಡಬೇಕು. ಲಾಕ್‌ಡೌನಿನ ಕಾಲದಲ್ಲಿ ಫೋನಿನ ಮೂಲಕ ವೈದ್ಯರು ಕೊಟ್ಟ ಸಲಹೆಗಳಲ್ಲಿ ಇದಕ್ಕಿಂತ ಬೆಲೆಯುಳ್ಳದು ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಮದ್ದು ಬಿಡುವವರ ಕೈಗೆ ಕನ್ನಡಕವನ್ನು ಕೊಡುವ ತೋಟದ ಯಜಮಾನರು ಇಂದಿಗೂ ಎಷ್ಟು ಮಂದಿಯಿದ್ದಾರೆ?

ಫೋನಿನ ಚಿಕಿತ್ಸೆಯ ಮಾತು ಬಂದುದರಿಂದ ಒಂದನ್ನು ನ್ಯಾಯವಾಗಿ ಒಪ್ಪಬೇಕು. ಭಾರತ ಸರಕಾರವು ಲಾಕ್‌ಡೌನ್ ಆರಂಭವಾದ ದಿನವೇ, ೨೦೨೦ರ ಮಾರ್ಚ್ ೨೫ರಂದು, ದೂರವೈದ್ಯದ ನಿಯಮಗಳನ್ನು ಹೊರಡಿಸಿತು. ಹಿಂದೆ ಅನುಮಾನದಿಂದ ನೋಡುತ್ತಿದ್ದ ಪದ್ಧತಿಯು ಒಮ್ಮೆಗೇ ಮಾನ್ಯವಾಯಿತು. ಸಾಮಾನ್ಯ ಕಾಲದಲ್ಲಿ ಕಣ್ಣಿನ ತುರ್ತು ವಿಭಾಗದಲ್ಲಿ ತುಂಬಿರುತ್ತಿದ್ದವರಲ್ಲಿ ಬಹಳ ಮಂದಿ ಕೆಂಗಣ್ಣು, ಕುರು, ತುರಿಕೆ, ಒಣಗಣ್ಣು ಮೊದಲಾದ ಸಣ್ಣ ಬೇನೆಯವರೇ ಆಗಿದ್ದರೆಂಬುದೂ, ಅವರಲ್ಲಿ ಅನೇಕರಿಗೆ ಮನೆಯಲ್ಲಿಯೇ ಪರಿಹಾರ ಹೇಳಬಹುದೆಂಬುದೂ ಆಗ ತಿಳಿಯಿತು. ಜನರು ಕಡಿಮೆ ಬಂದುದೆಲ್ಲವೂ ನಷ್ಟವಲ್ಲ. ಕಷ್ಟವೆಲ್ಲಿಯೆಂದರೆ, ಮನೆಯಲ್ಲಿ ಉಳಿಯಬಹುದಾದವನೂ ಉಳಿಯಬಾರದವನೂ ಒಂದೇ ಜಗಲಿಯಲ್ಲಿ ಕುಳಿತುಬಿಟ್ಟರು. ಇಬ್ಬರನ್ನು ಬೇರ್ಪಡಿಸಿ ಹೇಳುವವರು ಊರಿನಲ್ಲಿ ಯಾರೂ ಇರಲಿಲ್ಲ.

ಮಾತನಾಡಲಾರದ ರೋಗಿಗಳ ಪಾಡು ಇನ್ನೂ ಸೂಕ್ಷ್ಮವಾದುದು. ತಿಂಗಳು ತುಂಬದೆ ಹುಟ್ಟಿದ ಹಸುಗೂಸುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆಯುವ ಒಂದು ರೋಗವಿದೆ. ಹುಟ್ಟಿದ ಮೂವತ್ತು ದಿನಗಳೊಳಗೆ ಪರೀಕ್ಷೆಯಾಗಬೇಕು. ಬೇಕಾದಲ್ಲಿ ಒಡನೆಯೇ ಚಿಕಿತ್ಸೆಯಾಗಬೇಕು. ತಪ್ಪಿದರೆ ಮಗುವಿಗೆ ಜನ್ಮವಿಡೀ ಕುರುಡು. ಕರ್ಣಾಟಕದಲ್ಲಿ ೨೦೦೮ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದವರು ತರಬೇತಿ ಪಡೆದವರನ್ನು ಕ್ಯಾಮೆರಾದೊಡನೆ ಜಿಲ್ಲೆಗಳ ಆಸ್ಪತ್ರೆಗಳಿಗೆ ಕಳುಹಿಸಿ, ಚಿತ್ರಗಳನ್ನು ದೂರದಲ್ಲಿ ಕುಳಿತ ವೈದ್ಯರು ನೋಡುವ ಏರ್ಪಾಡನ್ನು ನಡೆಸುತ್ತ ಬಂದಿದ್ದಾರೆ. ಮಹಾಮಾರಿಗೆ ಹನ್ನೆರಡು ವರ್ಷ ಮುಂಚೆಯೇ ಕನ್ನಡನಾಡಿನಲ್ಲಿ ಇಂಥ ಬುದ್ಧಿ ಹೊಳೆದಿತ್ತೆಂಬುದು ಹೆಮ್ಮೆಯ ವಿಷಯ.

ಕಾರ್ನಿಯ ಎಂಬ ಮುಂಭಾಗದ ಪಾರದರ್ಶಕ ಪಟಲವು ಹುಣ್ಣಾಗಿ ತೂತುಬಿದ್ದರೆ ಅದಕ್ಕೆ ಬೇರೊಬ್ಬರ ಪಟಲವನ್ನು ಕಸಿಮಾಡಬೇಕಾಗುತ್ತದೆ. ಗದ್ದೆಯಲ್ಲಿ ಬತ್ತದ ಎಲೆ ಗೀರಿ ಬೂಜಿನ ಹುಣ್ಣಾದ ರೈತರಿಗೆ ಇದು ಸಾಮಾನ್ಯ. ೨೦೨೦ರ ಮಾರ್ಚಿಯಲ್ಲಿ ಸೋಂಕಿನ ಭೀತಿಯಿಂದ ದೇಶದಲ್ಲಿ ನೇತ್ರಗಳ ಸಂಗ್ರಹವೇ ನಿಂತಿತು. ಆಗ ತುರ್ತಾಗಿ ಬಂದ ರೋಗಿಗೆ ಹಾಕಲು ಹೊಸ ಪಟಲವಿಲ್ಲದೆ, ಗ್ಲಿಸರಿನಿನಲ್ಲಿ ಕಾಪಿಟ್ಟ ಹಳೆಯ ಪಟಲಗಳನ್ನು ತೇಪೆಯಾಗಿ ಬಳಸಿ ಕಣ್ಣಿನ ಗುಡ್ಡೆಯನ್ನಾದರೂ ಉಳಿಸಿಕೊಂಡರು. ನೇತ್ರದಾನವು ಚೇತರಿಸಿಕೊಳ್ಳುತ್ತಿದ್ದ ವೇಳೆಗೆ, ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರರು ಅಕಾಲದಲ್ಲಿ ತೀರಿಕೊಂಡರು. ೨೦೦೬ರಲ್ಲಿ ತಂದೆ ರಾಜ್‌ಕುಮಾರರ ಕಣ್ಣುಗಳನ್ನು ಕೊಟ್ಟಿದ್ದಂತೆಯೇ ಮಗನವನ್ನೂ ಆ ಮನೆಯವರು ಕೊಟ್ಟರು. ವೈದ್ಯರು ಪಟಲಗಳ ಪದರಗಳನ್ನು ಬಿಡಿಸಿ ನಾಲ್ವರಿಗೆ ದೃಷ್ಟಿ ಬರಿಸಿದರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಯಿಸಲು ಜನರು ಸಾಲುಗಟ್ಟಿದರು. 'ಬೇಡರ ಕಣ್ಣಪ್ಪ'ನಾಗಿ ೧೯೫೪ರಲ್ಲಿ ಚಿತ್ರರಂಗಕ್ಕೆ ಬಂದವರ ಮನೆತನದಿಂದ ಇದು ನಡೆಯಿತೆಂಬುದನ್ನು ಗಡಿಯ ಈಚೆಯ ನಾವೂ ನೆನೆಯುತ್ತೇವೆ.

ಇದರ ನಡುವೆ ೨೦೨೧ರ ಮೇ ತಿಂಗಳಲ್ಲಿ ಕಣ್ಣಿನ ತುರ್ತಿನ ಸ್ವರೂಪವೇ ಮಗ್ಗುಲು ಬದಲಾಯಿಸಿತ್ತು. ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಬೂಜಿನ ರೋಗವು ಬಂದಿತು. ಮೂಗಿನ ಬದಿಯ ಪೊಳ್ಳುಗಳಲ್ಲಿ ಬೇರೂರಿದ ಬೂಜು ಕಣ್ಣಿನ ಗೂಡಿಗೂ, ಅಲ್ಲಿಂದ ಮಿದುಳಿಗೂ ಹಬ್ಬುತ್ತಿದ್ದಿತು. ದೇಶದ ಹಲವು ಆಸ್ಪತ್ರೆಗಳಿಂದ ೨,೮೨೬ ರೋಗಿಗಳ ವಿವರವನ್ನು ಕೂಡಿಸಿದ ವೈದ್ಯರು, ಅವರಲ್ಲಿ ನೂರಕ್ಕೆ ೭೮ ಮಂದಿಗೆ ಸಿಹಿಮೂತ್ರರೋಗವಿದ್ದುದನ್ನೂ ೮೭ ಮಂದಿ ಸ್ಟಿರಾಯ್ಡ್ ಔಷಧವನ್ನು ತೆಗೆದುಕೊಂಡಿದ್ದುದನ್ನೂ ಕಂಡರು. ಜೂನ್ ಮುಗಿಯುವಷ್ಟರಲ್ಲಿ ದೇಶದಲ್ಲಿ ೪೦,೦೦೦ಕ್ಕೂ ಮಿಕ್ಕ ರೋಗಿಗಳಾದರು. ಆಂಫೊಟೆರಿಸಿನ್ ಎಂಬ ಔಷಧಕ್ಕಾಗಿ ಬಂಧುಗಳು ಊರೂರು ಅಲೆದರು. ಜೀವ ಉಳಿಯಬೇಕಾದರೆ ಕಣ್ಣನ್ನೇ ಗೂಡಿನೊಡನೆ ತೆಗೆಯಬೇಕೆಂದು ಹೇಳುವ ಕಠಿನವಾದ ಕೆಲಸವು ಎಷ್ಟೋ ವೈದ್ಯರ ಪಾಲಿಗೆ ಬಂದಿತು. ಕೇಂದ್ರ ಸರಕಾರವು ಈ ರೋಗವನ್ನು ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಮೇರೆಗೆ ಘೋಷಿಸುವಂತೆ ರಾಜ್ಯಗಳಿಗೆ ಬರೆಯಿತು. ಮುಂಬಯಿಯ ಪ್ಲೇಗಿಗಾಗಿ ಮಾಡಿದ ಕಾಯಿದೆಯೇ ನೂರಿಪ್ಪತ್ತನಾಲ್ಕು ವರ್ಷಗಳ ಮೇಲೆ ಕಣ್ಣಿಗೂ ಅನ್ವಯಿಸಿತು! ಹಿಂದೆ ಸಿಡುಬು ನೇರವಾಗಿಯೇ ಕಣ್ಣನ್ನು ಕೀಳುತ್ತಿದ್ದಿತು. ಭಾರತವು ಅದರಿಂದ ಮುಕ್ತವಾಯಿತೆಂದು ೧೯೭೭ರಲ್ಲಿ ಸಾರಿದರು. ೨೦೨೦ರಲ್ಲಿ ಬಂದ ಮಾರಿಯು ಬಹುಮಂದಿಯ ಕಣ್ಣನ್ನು ತಾನು ಮುಟ್ಟದೆ, ದಾರಿಯನ್ನು ತಡೆದು ಕೆಡಿಸಿತು. ಮರುವರ್ಷ ತಾನೇ ಬಂದು ಕಣ್ಣಿಗೆ ಕೈಹಾಕಿತು.

ಗಡಿಯ ತೊಡಕು ಒಂದೇ ವರ್ಷಕ್ಕೆ ಮುಗಿಯಲಿಲ್ಲ. ೨೦೨೧ರ ಫೆಬ್ರವರಿಯಲ್ಲಿಯೂ ಆಗಸ್ಟಿನಲ್ಲಿಯೂ ಕೇರಳದಿಂದ ಹೋಗುವವರು ಸೋಂಕಿಲ್ಲವೆಂಬ ಪರೀಕ್ಷಾಪತ್ರವನ್ನು ತೋರಿಸಬೇಕೆಂದು ಕರ್ಣಾಟಕವು ವಿಧಿಸಿತು. ತುರ್ತಿಗೆ ವಿನಾಯಿತಿಯಿದ್ದಿತು, ತುರ್ತೆಂದರೆ ಏನೆಂಬ ಹಳೆಯ ಪ್ರಶ್ನೆಯೂ ಅದರೊಡನೆ ಇದ್ದೇ ಇದ್ದಿತು. ತಿಂಗಳಿಗೊಮ್ಮೆ ಕಣ್ಣಿಗೆ ಸೂಜಿಮದ್ದು ಹಾಕಿಸಿಕೊಳ್ಳಬೇಕಾದ ಸಿಹಿಮೂತ್ರದ ರೋಗಿಗೆ ಒಂದು ತಿಂಗಳು ತಪ್ಪಿದರೆ ಪ್ರಾಣವೇನೂ ಹೋಗುವುದಿಲ್ಲವಷ್ಟೆ.

ಈ ಕಷ್ಟದಿಂದ ನಮ್ಮ ಜಿಲ್ಲೆಗೆ ದೊರೆತುದೂ ಸ್ವಲ್ಪವುಂಟು. ೨೦೧೩ರಲ್ಲಿ ಶಂಕುಸ್ಥಾಪನೆಯಾಗಿ ಕುಂಟುತ್ತಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ೨೦೨೦ರ ಏಪ್ರಿಲ್ ಮೊದಲ ವಾರದಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೆಕ್ಕಿಲಿನಲ್ಲಿ ಟಾಟಾ ಸಂಸ್ಥೆಯವರು ಕಟ್ಟಿಸಿದ ಆಸ್ಪತ್ರೆಯನ್ನು ಸರಕಾರಕ್ಕೆ ಒಪ್ಪಿಸಿದರು. ಕಂಟೇನರುಗಳನ್ನು ಜೋಡಿಸಿ ಮಾಡಿದ ಅದು ಹೆಚ್ಚು ಕಾಲ ಬಾಳುವ ಕಟ್ಟಡವಾಗಿರಲಿಲ್ಲ. ಏಳು ವರ್ಷಗಳಲ್ಲಿ ಆಗದುದು ಏಳು ದಿನಗಳಲ್ಲಿ ಆಗಬಹುದೆಂಬುದನ್ನು ನಮ್ಮ ಜನ ಕಣ್ಣಾರೆ ಕಂಡರು. ಆದರೂ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯೆಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ಮಂಗಳೂರಿನದೇ.

೨೦೨೩ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಜನರು 'ಮದ್ರಾಸ್ ಐ' ಎಂದು ಕರೆಯುವ ಕೆಂಗಣ್ಣು ಕರ್ಣಾಟಕವೇ ಮೊದಲಾಗಿ ದೇಶದ ಹಲವೆಡೆ ಹರಡಿತು. ತರಗತಿಯಲ್ಲಿ ಒಬ್ಬನಿಗೆ ಬಂದರೆ ಮರುದಿನ ಬೆಂಚಿಗೆ ಬೆಂಚೇ ರಜೆ. ಆಗ ಕಣ್ಣಾಸ್ಪತ್ರೆಗಳ ಮುಂದೆ ಹಿಂದಿನಂತೆಯೇ ಜನರ ಸಾಲು ನಿಂತಿತು. ಕರವಸ್ತ್ರದಿಂದ ಕಣ್ಣೊರಸಿಕೊಳ್ಳುತ್ತಿದ್ದ ಆ ಸಾಲಿನಲ್ಲಿ ಮುಕ್ಕಾಲು ಪಾಲಿನವರು ಮನೆಯಲ್ಲಿದ್ದರೂ ವಾರದೊಳಗೆ ಗುಣವಾಗತಕ್ಕವರೇ. ಆದರೆ ಯಾರೂ ಹೆದರಿ ಹಿಂದೆ ನಿಂತಿರಲಿಲ್ಲ. ಅವರ ನಡುವೆ ಅಲ್ಲೊಬ್ಬ ಇಲ್ಲೊಬ್ಬ, ಕೆಂಪೂ ಇಲ್ಲದ ನೋವೂ ಇಲ್ಲದ ಕಣ್ಣಿನವನು, "ನಿನ್ನೆಯಿಂದ ಬದಿಯಲ್ಲಿ ಮಿಂಚಿದ ಹಾಗೆ ಕಾಣುತ್ತದೆ" ಎನ್ನುತ್ತ ತನ್ನ ಸರದಿಗಾಗಿ ಕಾಯುತ್ತಿದ್ದಿರಬೇಕು.